ದೇವಿಮನೆ ಘಟ್ಟದಲ್ಲಿ ಕಾಲಿಗೆ ಒದ್ದ ಬ್ರೇಕು, ತೆರೆಯದ ಏರ್‌ಬ್ಯಾಗ್: ಒಂದು ಪ್ರಕರಣ ಅಧ್ಯಯನ

ಶಿರಸಿ ಸಮೀಪದ ಹಳ್ಳಿಯೊಂದರ ಅಡಿಕೆ ಬೆಳೆಗಾರ ಕುಟುಂಬವು ಹೊಸದಾಗಿ ಕೊಂಡ ಕಾರು, ಜುಲೈ ತಿಂಗಳ ಮಳೆಯಲ್ಲಿ ದೇವಿಮನೆ ಘಟ್ಟವನ್ನು ಇಳಿಯುತ್ತಿದ್ದಾಗ ತಿರುವಿನಲ್ಲಿ ತಿರುಗದೆ ನೇರವಾಗಿ ಸಾಗಿ, ಎಡಬದಿಯ ಗಟಾರಕ್ಕೆ ಮುಂದಿನ ಚಕ್ರವನ್ನು ಇಳಿಸಿ, ಧರೆಗೆ, ಅಂದರೆ ರಸ್ತೆ ಬದಿಯ ಕಡಿದಾದ ಮಣ್ಣಿನ ಗೋಡೆಗೆ, ಒರೆಸಿಕೊಂಡು ನಿಂತ ಪ್ರಕರಣವಿದು. ಜೀವಹಾನಿ ಆಗಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿದ್ದ ವೃದ್ಧೆಯ ಹಣೆ ಒಡೆದು ಹೊಲಿಗೆ ಹಾಕಬೇಕಾಯಿತು, ಒಂಬತ್ತು ವರ್ಷದ ಹುಡುಗನ ಮಣಿಕಟ್ಟು ಉಳುಕಿತು. ವಾಹನ ಚಾಲನೆ ಕಲಿಸುವ ವೃತ್ತಿಯಲ್ಲಿರುವ ನನ್ನನ್ನು ಆ ಮನೆಯವರು ಕರೆಸಿಕೊಂಡದ್ದು, ಕಾರು ತಯಾರಿಸಿದ ಕಂಪನಿಗೆ ಬರೆದಿದ್ದ ದೂರಿನ ಕರಡನ್ನು ಒಮ್ಮೆ ನೋಡಿಕೊಡಿ ಎಂದು. ಕರಡಿನಲ್ಲಿ ಎರಡು ಆಪಾದನೆಗಳಿದ್ದವು: ಬೇಕಾದ ಗಳಿಗೆಯಲ್ಲಿ ಬ್ರೇಕ್ ಕೈಕೊಟ್ಟಿತು, ಮತ್ತು ಡಿಕ್ಕಿಯಾದರೂ ಏರ್‌ಬ್ಯಾಗ್ ತೆರೆಯಲಿಲ್ಲ. ಎರಡೂ ಪ್ರಾಮಾಣಿಕವಾದ ಆಪಾದನೆಗಳೇ. ಆದರೆ ಕಾರನ್ನು ಪರೀಕ್ಷಿಸಿ, ಎಲ್ಲರ ಮಾತನ್ನೂ ಕೇಳಿದ ಮೇಲೆ ಎರಡೂ ನಿಲ್ಲಲಿಲ್ಲ. ಕಾರಿನಲ್ಲಿದ್ದ ಸುರಕ್ಷಾ ವ್ಯವಸ್ಥೆಗಳು ತಮ್ಮ ಕೆಲಸಕ್ಕೆ ಸಿದ್ಧವಾಗಿದ್ದವು; ಅವು ಹೇಗೆ ವರ್ತಿಸುತ್ತವೆ ಎಂಬುದನ್ನು ಆ ಮನೆಯವರಿಗೆ ಯಾರೂ ತಿಳಿಸಿರಲಿಲ್ಲ. ಕಾರಿನ ಹೆಸರಾಗಲಿ ಕುಟುಂಬದ ಹೆಸರಾಗಲಿ ಇಲ್ಲಿ ಅಗತ್ಯವಿಲ್ಲ. ಮುಂದೆ ಹೇಳುವ ಬಹುತೇಕ ಸಂಗತಿಗಳು ಇಂದು ಮಾರಾಟವಾಗುವ ಯಾವ ಸಣ್ಣ ಕಾರಿಗೂ ಅನ್ವಯಿಸುತ್ತವೆ.

ಘಟನೆ

ಕಾರು ಓಡಿಸುತ್ತಿದ್ದ ಯಜಮಾನರಿಗೆ ಅರವತ್ತರ ಸಮೀಪದ ವಯಸ್ಸು. ಅವರನ್ನು ಅನನುಭವಿ ಎನ್ನಲಾಗದು. ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಆಗಲಿ ಪವರ್ ಸ್ಟೀರಿಂಗ್ ಆಗಲಿ ಇಲ್ಲದ ಹಳೆಯ ಕಾರನ್ನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಓಡಿಸಿದವರು, ಕುಮಟಾ ಕಡೆಯ ನೆಂಟರ ಮನೆಗಳಿಗೆ ಇದೇ ಘಟ್ಟದಲ್ಲಿ ಮಳೆಗಾಲದಲ್ಲೂ ಹೋಗಿ ಬಂದವರು. ಹೊಸ ಕಾರು ಎಎಂಟಿ ಗೇರಿನದು, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರನ್ನು ತಾನೇ ಬದಲಿಸಿಕೊಳ್ಳುವಂಥದು. ಅದರಲ್ಲಿ ಎಬಿಎಸ್, ಮುಂದಿನ ಎರಡು ಸೀಟುಗಳಿಗೆ ಏರ್‌ಬ್ಯಾಗ್, ನಾಲ್ಕು ಬದಿಯ ಸೀಟುಗಳಿಗೂ ಹೆಗಲು ಮತ್ತು ಸೊಂಟವನ್ನು ಹಿಡಿಯುವ ಬೆಲ್ಟುಗಳಿದ್ದವು. ಮೊಣಕಾಲು ನೋವಿನ ಕಾರಣಕ್ಕೆ ಕ್ಲಚ್ ಇಲ್ಲದ ಕಾರನ್ನು ಆರಿಸಿಕೊಂಡದ್ದು ಸರಿಯಾದ ತೀರ್ಮಾನವೇ ಆಗಿತ್ತು.

ಅಂದು ಬೆಳಿಗ್ಗೆ ಮುಂದೆ ಯಜಮಾನರು ಮತ್ತು ಅವರ ಪತ್ನಿ, ಹಿಂದೆ ಅವರ ತಾಯಿ ಮತ್ತು ಮೊಮ್ಮಗ. ಘಟ್ಟದ ನೆತ್ತಿಯಲ್ಲಿ ಮಳೆಯ ಜೊತೆಗೆ ಮಂಜು ಕವಿದಿತ್ತು. ಮುಂದಿನ ಗಾಜಿಗೆ ಒಳಗಿನಿಂದ ಹಬೆ ಹಿಡಿಯುತ್ತಿತ್ತು. ಪತ್ನಿ ಆಗಾಗ ಬಟ್ಟೆಯಿಂದ ಒರೆಸಿಕೊಡುತ್ತಿದ್ದರು. ನಾಲ್ಕೂ ಇಂಡಿಕೇಟರ್‌ಗಳನ್ನು ಮಿನುಗಲು ಬಿಟ್ಟಿದ್ದರು. ಗೇರಿನ ಸನ್ನೆಕೋಲು ‘ಡಿ’ಯಲ್ಲೇ, ಅಂದರೆ ಗೇರು ತಾನೇ ಬದಲಾಗುವ ಸ್ಥಾನದಲ್ಲೇ ಇತ್ತು, ಕಾಲು ಬ್ರೇಕಿನ ಮೇಲೇ ಇತ್ತು, ಕೆಳಗಿಳಿಯುತ್ತಿದ್ದಂತೆ ಸುಟ್ಟ ವಾಸನೆ ಬಂದದ್ದು ಎಲ್ಲರಿಗೂ ನೆನಪಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಪ್ರಯಾಣಿಕರ ಕಣ್ಣು ರಸ್ತೆಗಿಂತ ಹೆಚ್ಚಾಗಿ ಧರೆಯ ಮೇಲಿರುತ್ತದೆ. ಈ ಕಾರಿನಲ್ಲಿಯೂ ಹಾಗೆಯೇ ಇತ್ತು. ‘ಮೇಲೆ ನೋಡ್ಕ್ಯಂಡು ಹೋಗು’ ಎಂದು ತಾಯಿ ಹಿಂದಿನಿಂದ ಎಚ್ಚರಿಸುತ್ತಲೇ ಇದ್ದರಂತೆ.

ಬಲಕ್ಕೆ ಹೊರಳುವ ಒಂದು ತಿರುವಿನಲ್ಲಿ ಸಾರಿಗೆ ಬಸ್ಸೊಂದು ಎದುರಿನಿಂದ ಏರಿ ಬಂದಿತು. ಯಜಮಾನರು ಬ್ರೇಕನ್ನು ಗಟ್ಟಿಯಾಗಿ ಒತ್ತಿದರು. ರಸ್ತೆಯ ಮೇಲೆ ಧರೆಯಿಂದ ಹರಿದು ಬಂದ ಕೆಂಪು ಮಣ್ಣಿನ ರಾಡಿ ಮತ್ತು ಕೊಳೆತ ಎಲೆಗಳಿದ್ದವು. ಮುಂದಿನದನ್ನು ಅವರ ಮಾತಿನಲ್ಲೇ ಹೇಳುವುದು ಒಳ್ಳೆಯದು: “ಬ್ರೇಕ್ ಒತ್ತಿದ್ರೆ ಅದೇ ತಿರುಗಿ ಕಾಲಿಗೆ ಒದ್ದಾಂಗೆ ಆತು. ಗರಗರ ಶಬ್ದ ಬೇರೆ. ಏನೋ ಮುರೀತು ಅಂದ್ಕಂಡು ಕಾಲು ತೆಗೆದೆ, ಮತ್ತೆ ಒತ್ತಿದೆ, ಮತ್ತೆ ಒದೀತು.” ಹೀಗೆ ಒತ್ತುವುದು, ಬಿಡುವುದು ನಡೆಯುತ್ತಿರುವಾಗಲೇ ಕಾರು ತಿರುವನ್ನು ದಾಟಿ ಗಟಾರ ಸೇರಿತು. ಬಸ್ಸಿನವರೇ ಇಳಿದು ಬಂದು ಸಹಾಯ ಮಾಡಿ, ಗಾಯಗೊಂಡವರನ್ನು ಬೇರೊಂದು ವಾಹನದಲ್ಲಿ ಕುಮಟಾಕ್ಕೆ ಕಳುಹಿಸಿದರು.

ಬ್ರೇಕ್ ಕೈಕೊಟ್ಟಿತ್ತೇ?

ಕಾರನ್ನು ಗ್ಯಾರೇಜಿಗೆ ತಂದ ಮೇಲೆ ಮೊದಲು ನೋಡಿದ್ದು ಡ್ಯಾಶ್‌ಬೋರ್ಡಿನ ದೀಪಗಳನ್ನು. ಇಗ್ನಿಷನ್ ಕೀಲಿಯನ್ನು ತಿರುಗಿಸಿದಾಗ ಎಬಿಎಸ್ ಎಂದು ಬರೆದ ಹಳದಿ ದೀಪವೂ, ಕುಳಿತ ಮನುಷ್ಯನ ಎದುರು ಚೆಂಡಿನ ಚಿತ್ರವಿರುವ ಏರ್‌ಬ್ಯಾಗ್ ದೀಪವೂ ಹೊತ್ತಿಕೊಂಡು ಕೆಲವು ಸೆಕೆಂಡುಗಳಲ್ಲಿ ಆರಿದವು. ಆರಬೇಕಾದದ್ದೇ ಹೀಗೆ. ಹೊತ್ತಿಕೊಳ್ಳದೇ ಇದ್ದರೂ ದೋಷ, ಆರದೇ ಉಳಿದರೂ ದೋಷ. ಕೆಂಪು ದೀಪ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಬೇಕು, ಹಳದಿ ಬಂದರೆ ಬೇಗ ತೋರಿಸಬೇಕು ಎಂಬಷ್ಟು ತಿಳಿದಿದ್ದರೂ ಸಾಮಾನ್ಯ ಚಾಲಕನಿಗೆ ಬಹಳ ಉಪಕಾರ. ಸ್ಕ್ಯಾನರ್ ಜೋಡಿಸಿ ನೋಡಿದಾಗ ಬ್ರೇಕಿನ ನಿಯಂತ್ರಕದಲ್ಲಿ ಯಾವ ದೋಷವೂ ದಾಖಲಾಗಿರಲಿಲ್ಲ. ಬ್ರೇಕ್ ದ್ರವದ ಮಟ್ಟ ಸರಿಯಿತ್ತು, ಪೈಪುಗಳಲ್ಲಿ ಸೋರಿಕೆ ಇರಲಿಲ್ಲ. ಟೈರುಗಳು ಹೊಸವು, ಕಾನೂನು ಕೇಳುವ ಕನಿಷ್ಠ 1.6 ಮಿಲಿಮೀಟರ್ ಗೀರಿನ ಆಳಕ್ಕಿಂತ ಎಷ್ಟೋ ಹೆಚ್ಚು ಇತ್ತು.

ಹಾಗಾದರೆ ಕಾಲಿಗೆ ಒದ್ದದ್ದು ಏನು? ಎಬಿಎಸ್ ಇರುವ ಕಾರಿನಲ್ಲಿ ಪ್ರತಿ ಚಕ್ರದ ಬಳಿ ಅದರ ವೇಗವನ್ನು ಅಳೆಯುವ ಸಂವೇದಕವಿರುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಯಾವುದಾದರೂ ಚಕ್ರ ಉಳಿದವುಗಳಿಗಿಂತ ತೀರ ಬೇಗ ನಿಧಾನವಾಗಿ ಪೂರ್ತಿ ಕಚ್ಚಿಕೊಳ್ಳುವ ಹಂತಕ್ಕೆ ಬಂದರೆ, ನಿಯಂತ್ರಕವು ಆ ಚಕ್ರದ ಬ್ರೇಕಿಗೆ ಹೋಗುವ ದ್ರವದ ಒತ್ತಡವನ್ನು ಕವಾಟದ ಮೂಲಕ ಇಳಿಸಿ, ಚಕ್ರ ಮತ್ತೆ ಉರುಳತೊಡಗಿದೊಡನೆ ಏರಿಸುತ್ತದೆ. ಇದು ಸೆಕೆಂಡಿಗೆ ಹಲವು ಸಲ ನಡೆಯುತ್ತದೆ. ಹೀಗೆ ಇಳಿಸಿದ ದ್ರವವನ್ನು ಪಂಪೊಂದು ಹಿಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯೇ ಪೆಡಲಿನ ಒದೆತ, ಆ ಪಂಪು ಮತ್ತು ಕವಾಟಗಳ ಸದ್ದೇ ಗರಗರ. ಅಂದರೆ ಯಜಮಾನರು ಯಾವುದನ್ನು ಬ್ರೇಕ್ ಮುರಿದ ಲಕ್ಷಣವೆಂದು ತಿಳಿದರೋ ಅದು ಬ್ರೇಕ್ ತನ್ನ ಅತ್ಯುತ್ತಮ ಕೆಲಸವನ್ನು ಮಾಡುತ್ತಿದ್ದ ಲಕ್ಷಣವಾಗಿತ್ತು. ಅದೇ ಗಳಿಗೆಯಲ್ಲಿ ಅವರು ಕಾಲು ತೆಗೆದರು.

ಅವರು ಕಾಲು ತೆಗೆದದ್ದು ಕೇವಲ ಗಾಬರಿಯಿಂದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಎಬಿಎಸ್ ಇಲ್ಲದ ಕಾರಿನಲ್ಲಿ ಜಾರುವ ರಸ್ತೆಯ ಮೇಲೆ ಬ್ರೇಕನ್ನು ಒಮ್ಮೆಲೇ ಒತ್ತಿ ಹಿಡಿದರೆ ಚಕ್ರ ಕಚ್ಚಿಕೊಂಡು ಕಾರು ಜಾರುತ್ತದೆ, ಸ್ಟೀರಿಂಗ್ ಎತ್ತ ತಿರುಗಿಸಿದರೂ ಅದು ಹೋದ ಕಡೆಗೇ ಹೋಗುತ್ತದೆ. ಆದ್ದರಿಂದ ಹಿಂದಿನ ತಲೆಮಾರಿನ ಗುರುಗಳು ‘ಒತ್ತು, ಬಿಡು, ಒತ್ತು, ಬಿಡು’ ಎಂದೇ ಕಲಿಸಿದರು. ಆ ಪಾಠ ಆ ಕಾರಿಗೆ ಸರಿಯಾಗಿತ್ತು. ಭಾರತದಲ್ಲಿ ಹೊಸ ಮಾದರಿಯ ಕಾರುಗಳಿಗೆ 2018ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು. ಅದಕ್ಕೂ ಮೊದಲು ಕಲಿತು, ಆ ನಂತರ ಕಾರು ಬದಲಿಸಿದವರು ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಕಾರು ಬದಲಾಯಿತು, ಕಾಲಿನ ಅಭ್ಯಾಸ ಬದಲಾಗಲಿಲ್ಲ. ಹದಿನೈದು ವರ್ಷ ಚೆನ್ನಾಗಿ ಓಡಿಸಿದವರಲ್ಲೇ ಈ ಅಭ್ಯಾಸ ಹೆಚ್ಚು ಗಟ್ಟಿಯಾಗಿರುತ್ತದೆ ಎಂಬುದು ನನ್ನ ವೃತ್ತಿಯ ಅನುಭವ.

ಕಾಲು ತೆಗೆದದ್ದರ ಬೆಲೆಯನ್ನು ಲೆಕ್ಕ ಹಾಕಬಹುದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಆ ವೇಗದಿಂದ ಪೂರ್ಣ ಬ್ರೇಕಿನಲ್ಲಿ ನಿಲ್ಲಲು ಸುಮಾರು 9 ಮೀಟರ್ ಸಾಕು. ರಾಡಿ ಮತ್ತು ಎಲೆಗಳಿಂದ ಹಿಡಿತವು ಅರ್ಧಕ್ಕಿಂತ ಕೆಳಗಿಳಿದರೆ ಅದೇ ದೂರ 20 ಮೀಟರ್ ದಾಟುತ್ತದೆ, ಇಳಿಜಾರು ಸೇರಿದರೆ ಇನ್ನೂ ಹೆಚ್ಚು. ಇದಲ್ಲದೆ ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದು ಸೆಕೆಂಡು ಹಿಡಿದರೂ 11 ಮೀಟರ್ ಆಗಲೇ ಕಳೆದಿರುತ್ತದೆ. ಇಂಥ ಸ್ಥಿತಿಯಲ್ಲಿ ಅರ್ಧ ಸೆಕೆಂಡು ಕಾಲು ತೆಗೆದರೆ ಬ್ರೇಕಿಲ್ಲದೆ ಐದೂವರೆ ಮೀಟರ್ ಹೋಗುತ್ತದೆ. ಎರಡು ಸಲ ತೆಗೆದರೆ ಹನ್ನೊಂದು. ಘಟ್ಟದ ತಿರುವಿನಲ್ಲಿ ಅಷ್ಟು ಜಾಗ ಇರುವುದಿಲ್ಲ.

ಎಬಿಎಸ್ ಬಗ್ಗೆ ಇರುವ ಇನ್ನೊಂದು ತಪ್ಪು ತಿಳಿವಳಿಕೆಯೂ ಈ ಮನೆಯಲ್ಲಿ ಇತ್ತು. ಅದು ಕಾರನ್ನು ಬೇಗ ನಿಲ್ಲಿಸುತ್ತದೆ ಎಂದು ಅವರು ನಂಬಿದ್ದರು. ಒದ್ದೆ ಡಾಂಬರಿನ ಮೇಲೆ ಸಾಮಾನ್ಯವಾಗಿ ಅದು ನಿಜವಾದರೂ, ಸಡಿಲ ಜಲ್ಲಿ ಅಥವಾ ಕೆಸರಿನ ಮೇಲೆ ನಿಲ್ಲುವ ದೂರ ಹೆಚ್ಚಾಗಲೂಬಹುದು. ಅದರ ಮುಖ್ಯ ಉಪಕಾರ ಬೇರೆ: ಬ್ರೇಕ್ ಪೂರ್ತಿ ಒತ್ತಿರುವಾಗಲೂ ಚಕ್ರಗಳು ಉರುಳುತ್ತಿರುವುದರಿಂದ ಸ್ಟೀರಿಂಗ್ ಮಾತು ಕೇಳುತ್ತದೆ. ಆದ್ದರಿಂದ ಮಾಡಬೇಕಾದದ್ದು, ಪೆಡಲನ್ನು ಇರುವಷ್ಟೂ ಬಲದಿಂದ ಒತ್ತಿ, ಅದು ಎಷ್ಟೇ ನಡುಗಿದರೂ ಬಿಡದೆ ಹಿಡಿದು, ಹೋಗಬೇಕಾದ ಕಡೆಗೆ ಸ್ಟೀರಿಂಗ್ ತಿರುಗಿಸುವುದು. ಅಂದು ಬಸ್ಸಿಗೂ ಧರೆಗೂ ನಡುವೆ ಕಾರು ಹಿಡಿಸುವಷ್ಟು ದಾರಿ ಇತ್ತು ಎಂದು ಸ್ವತಃ ಯಜಮಾನರೇ ಹೇಳುತ್ತಾರೆ. ಕಿರಿದಾದ ಏರುರಸ್ತೆಯಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬ ನಿಯಮವೂ ಅವರಿಗೆ ಗೊತ್ತಿತ್ತು. ಬಿಡುವ ಉದ್ದೇಶದಿಂದಲೇ ಬ್ರೇಕ್ ಒತ್ತಿದ್ದರು.

ಸುಟ್ಟ ವಾಸನೆಯ ವಿಷಯ. ಜನರನ್ನೂ ಸೇರಿಸಿ ಸುಮಾರು 1,200 ಕಿಲೋ ತೂಗುವ ಕಾರು ನೂರು ಮೀಟರ್ ಎತ್ತರವನ್ನು ಇಳಿದಾಗಲೆಲ್ಲ ಸುಮಾರು 12 ಲಕ್ಷ ಜೂಲ್ ಶಕ್ತಿ ಎಲ್ಲಿಯಾದರೂ ಖರ್ಚಾಗಬೇಕು. ಕೆಳಗಿನ ಗೇರಿನಲ್ಲಿದ್ದರೆ ಅದರ ಬಹುಪಾಲನ್ನು ಎಂಜಿನ್ ಹಿಡಿದಿಡುತ್ತದೆ. ಇಲ್ಲವಾದರೆ ಎಲ್ಲವೂ ಬ್ರೇಕಿನ ಪ್ಯಾಡುಗಳಲ್ಲಿ ಶಾಖವಾಗುತ್ತದೆ. ಎಎಂಟಿ ಕಾರನ್ನು ‘ಡಿ’ಯಲ್ಲೇ ಬಿಟ್ಟರೆ ಇಳಿಜಾರಿನಲ್ಲಿ ವೇಗ ಏರಿದಂತೆ ಅದು ಮೇಲಿನ ಗೇರಿಗೆ ಹೋಗುತ್ತದೆ, ಎಂಜಿನ್ನಿನ ಹಿಡಿತ ತಪ್ಪುತ್ತದೆ. ಸನ್ನೆಕೋಲನ್ನು ಪಕ್ಕಕ್ಕೆ ತಳ್ಳಿ ‘ಎಂ’ಗೆ, ಅಂದರೆ ಗೇರನ್ನು ನಾವೇ ಬದಲಿಸುವ ಸ್ಥಾನಕ್ಕೆ ತಂದು, ಮೈನಸ್ ಚಿಹ್ನೆಯ ಕಡೆಗೆ ತಟ್ಟಿ ಎರಡನೆಯ ಗೇರಿಗೆ ಇಳಿಸಬಹುದು ಎಂಬುದು ಅವರಿಗೆ ತಿಳಿದಿರಲಿಲ್ಲ. ಹಳೆಯ ಕಾರಿನಲ್ಲಿ ಏರಿದ ಗೇರಿನಲ್ಲೇ ಇಳಿಯುತ್ತಿದ್ದವರು, ಹೊಸ ಕಾರು ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ ಎಂದು ಭಾವಿಸಿದ್ದರು. ಪ್ಯಾಡುಗಳ ಮೈ ಸ್ವಲ್ಪ ನುಣುಪಾಗಿದ್ದುದು ನಿಜ, ಆದರೆ ಪೆಡಲು ಮೆತ್ತಗಾಗಿರಲಿಲ್ಲ, ಒತ್ತಿದಷ್ಟೂ ಹಿಡಿದಿತ್ತು. ಹಾಗಾಗಿ ಬಿಸಿಯಾದ ಬ್ರೇಕು ಈ ಅಪಘಾತಕ್ಕೆ ಕಾರಣವಲ್ಲ. ಇನ್ನಷ್ಟು ದೂರ ಹಾಗೆಯೇ ಇಳಿದಿದ್ದರೆ ಬೇರೊಂದು ಅಪಘಾತಕ್ಕೆ ಕಾರಣವಾಗುತ್ತಿತ್ತು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ, ಕೆಲವೊಮ್ಮೆ ಎಂಜಿನ್ನನ್ನೇ ಆರಿಸಿ ಘಟ್ಟ ಇಳಿಸುವವರು ಇನ್ನೂ ಇದ್ದಾರೆ. ಎಂಜಿನ್ ಆರಿದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ನಲ್ಲಿ ಎರಡು ಮೂರು ಒತ್ತಿಗೆ ಸಾಲುವಷ್ಟು ಮಾತ್ರ ಬಲ ಉಳಿಯುತ್ತದೆ, ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಅದು ಮಿತವ್ಯಯವಲ್ಲ.

ಏರ್‌ಬ್ಯಾಗ್ ಏಕೆ ತೆರೆಯಲಿಲ್ಲ?

ಮುಂಭಾಗದ ಏರ್‌ಬ್ಯಾಗ್ ತೆರೆಯಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಕಾರು ಯಾವುದಕ್ಕೆ ತಾಗಿತು ಎಂಬುದಲ್ಲ, ಬಂಪರ್ ಎಷ್ಟು ಒಡೆಯಿತು ಎಂಬುದೂ ಅಲ್ಲ; ಕಾರಿನ ಮುಂದಿನ ಓಟ ಎಷ್ಟು ಥಟ್ಟನೆ ನಿಂತಿತು ಎಂಬುದು. ಗಟ್ಟಿಯಾದ ಗೋಡೆಗೆ ಗಂಟೆಗೆ ಸುಮಾರು 20ರಿಂದ 25 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಹೊಡೆದಷ್ಟು ಆಘಾತ ಸಾಮಾನ್ಯವಾಗಿ ಅದರ ಕೆಳಮಿತಿ. ಮಾದರಿಯಿಂದ ಮಾದರಿಗೆ ಅಲ್ಪಸ್ವಲ್ಪ ವ್ಯತ್ಯಾಸವಿರುತ್ತದೆ. ಈ ಕಾರು ಓರೆಯಾಗಿ, ಬ್ರೇಕಿನಿಂದ ಬಹುಮಟ್ಟಿಗೆ ನಿಧಾನವಾಗಿ, ಮೊದಲು ಗಟಾರದ ಮೆತ್ತನೆಯ ಮಣ್ಣಿಗೆ ಚಕ್ರ ಇಳಿಸಿ, ಆಮೇಲೆ ಧರೆಗೆ ಒರೆಸಿಕೊಂಡು ಹೋಗಿ ನಿಂತಿತ್ತು. ಎಡಗಡೆಯ ಹೆಡ್‌ಲೈಟ್ ಒಡೆದು, ಫೆಂಡರ್ ಸುಕ್ಕಾಗಿ ನೋಡುವುದಕ್ಕೆ ಘೋರವಾಗಿದ್ದರೂ, ಬಾನೆಟ್ಟಿನ ಹಿಂದಿನ ಚೌಕಟ್ಟು ನೆಟ್ಟಗಿತ್ತು. ಏರ್‌ಬ್ಯಾಗ್ ತೆರೆಯದಿದ್ದುದು ಇಲ್ಲಿ ಸರಿಯಾದ ವರ್ತನೆ. ಅದು ಹತ್ತಿಯ ದಿಂಬಲ್ಲ. 30ರಿಂದ 50 ಮಿಲಿಸೆಕೆಂಡುಗಳಲ್ಲಿ ಸ್ಫೋಟಕದ ಬಲದಿಂದ ಉಬ್ಬುವ ಚೀಲ. ಅಗತ್ಯವಿಲ್ಲದಾಗ ತೆರೆದರೆ ಮುಖಕ್ಕೂ ಕೈಗೂ ಗಾಯ ಮಾಡಬಲ್ಲದು, ಒಮ್ಮೆ ತೆರೆದರೆ ಬದಲಿಸುವ ಖರ್ಚೂ ದೊಡ್ಡದು.

ಮುಂದಿನ ಇಬ್ಬರಿಗೂ ಹೆಗಲ ಮೇಲೆ ಬೆಲ್ಟಿನ ಕೆಂಪು ಗುರುತೊಂದನ್ನು ಬಿಟ್ಟರೆ ಏನೂ ಆಗಿರಲಿಲ್ಲ. ಇಂಥ ಡಿಕ್ಕಿಯಲ್ಲಿ ಬೆಲ್ಟೊಂದೇ ಸಾಕಾಗುತ್ತದೆ ಎಂಬುದಕ್ಕೆ ಆ ಗುರುತೇ ಸಾಕ್ಷಿ. ನಿಜವಾದ ಪ್ರಶ್ನೆ ಇದ್ದದ್ದು ಹಿಂದಿನ ಸೀಟಿನಲ್ಲಿ, ಮತ್ತು ದೂರಿನ ಕರಡಿನಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

“ಹಿಂದೆ ಬೆಲ್ಟ್ ಹಾಕಿಕೊಂಡಿದ್ದರೇ?” ಎಂದು ಕೇಳಿದಾಗ, “ಹಿಂದೆ ಬೆಲ್ಟ್ ಕೊಟ್ಟಿದ್ದವೇ ಇಲ್ಲೆ” ಎಂದು ಯಜಮಾನರ ಪತ್ನಿ ಹೇಳಿದರು. ಹಿಂದಿನ ಬಾಗಿಲು ತೆರೆದು ನೋಡಿದೆ. ಬೆಲ್ಟಿನ ಪಟ್ಟಿ ಎರಡೂ ಬದಿಯ ಕಂಬದಲ್ಲಿ ನೇತಾಡುತ್ತಿತ್ತು, ಆದರೆ ಅದನ್ನು ಸಿಕ್ಕಿಸುವ ಬಕಲ್ ಎಲ್ಲೂ ಕಾಣಲಿಲ್ಲ. ಶೋರೂಮಿನಲ್ಲೇ ಹಾಕಿಸಿಕೊಂಡಿದ್ದ ದಪ್ಪ ರೆಕ್ಸಿನ್ ಸೀಟ್ ಕವರ್ ಸೀಟಿನ ಸಂದಿಯನ್ನು ಪೂರ್ತಿ ಮುಚ್ಚಿ, ಕೆಳಗೆ ಕೊಕ್ಕೆ ಹಾಕಿ ಬಿಗಿದಿತ್ತು. ಕೊಕ್ಕೆ ಬಿಚ್ಚಿ ಕವರನ್ನು ಎತ್ತಿದಾಗ ಮೂರು ಬಕಲ್‌ಗಳು, ತಯಾರಕರು ಕಟ್ಟಿ ಕಳುಹಿಸಿದ್ದ ರಬ್ಬರ್ ಬ್ಯಾಂಡಿನ ಸಮೇತ, ಸಂದಿಯಲ್ಲಿ ಮಲಗಿದ್ದವು. ಮನೆಯವರೆಲ್ಲ ಅದನ್ನು ಅಂದೇ ಮೊದಲ ಬಾರಿಗೆ ಕಂಡದ್ದು. ಯಜಮಾನರು ಬಕಲ್ ಒಂದನ್ನು ಕೈಯಲ್ಲಿ ಹಿಡಿದು, ಗುಂಡಿ ಒತ್ತಿ ನೋಡಿ, ಏನೂ ಹೇಳದೆ ಪತ್ನಿಯ ಕೈಗೆ ಕೊಟ್ಟರು.

ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಕಾರು ಥಟ್ಟನೆ ನಿಂತರೆ ಬೆಲ್ಟಿಲ್ಲದ ಮೈ ಅದೇ ವೇಗದಲ್ಲಿ ಮುಂದುವರಿಯುತ್ತದೆ. ಅದು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಮುಖ ಅಡಿಯಾಗಿ ಬಿದ್ದದ್ದಕ್ಕೆ ಸಮ. ಎಂಬತ್ತು ದಾಟಿದ ತಾಯಿಯ ಹಣೆ ಮುಂದಿನ ಸೀಟಿನ ತಲೆಯಾನಿಕೆಗೆ ಹೊಡೆದದ್ದು ಹೀಗೆ. ಹಿಂದಿನ ಸೀಟು ಸುರಕ್ಷಿತ, ಅಲ್ಲಿ ಬೆಲ್ಟ್ ಬೇಡ ಎಂಬ ಭಾವನೆ ನಮ್ಮಲ್ಲಿ ಎಷ್ಟು ಬಲವಾಗಿದೆ ಎಂದರೆ, 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತಿದ್ದಾಗ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಮನೆಮನೆಗೆ ಮುಟ್ಟಿದರೂ ಅದು ಅಲುಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮವು ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರೂ ಬೆಲ್ಟ್ ಧರಿಸಬೇಕೆಂದು ಹೇಳುತ್ತದೆ; ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಿಂದ ಬಂದ 194ಬಿ ಕಲಮು ಬೆಲ್ಟಿಲ್ಲದವರಿಗೆ ಒಂದು ಸಾವಿರ ರೂಪಾಯಿ ದಂಡವನ್ನು ವಿಧಿಸುತ್ತದೆ ಮತ್ತು ಹದಿನಾಲ್ಕರೊಳಗಿನ ಮಕ್ಕಳನ್ನು ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸುವ ಹೊಣೆಯನ್ನು ಚಾಲಕನ ಮೇಲೆ ಹಾಕುತ್ತದೆ. 2019ರ ಜುಲೈಯಿಂದ ಕಡ್ಡಾಯವಾದ ಬೆಲ್ಟ್ ಎಚ್ಚರಿಕೆಯ ಸದ್ದು ಮುಂದಿನ ಎರಡು ಸೀಟುಗಳಿಗೆ ಮಾತ್ರ. ಈ ಕಾರಿನಲ್ಲಿ ಹಿಂದಿನವರನ್ನು ಎಚ್ಚರಿಸುವ ಸದ್ದು ಇರಲಿಲ್ಲ, ಆದ್ದರಿಂದ ಬಕಲ್ ಮುಚ್ಚಿಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಆ ಸದ್ದನ್ನೇ ಅಡಗಿಸಲು ಬರಿಯ ಕೊಂಡಿಯನ್ನು ಬಕಲ್‌ಗೆ ಸಿಕ್ಕಿಸುವವರೂ ಇದ್ದಾರೆ. ಅಂಥ ಕೊಂಡಿಗಳ ಆನ್‌ಲೈನ್ ಮಾರಾಟವನ್ನು ನಿಲ್ಲಿಸುವಂತೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಆದೇಶಿಸಬೇಕಾಯಿತು. ಈ ಮನೆಯಲ್ಲಿ ಆ ಪೈಕಿ ಯಾವುದೂ ಇರಲಿಲ್ಲ ಎಂಬುದನ್ನು ಹೇಳುವುದು ನ್ಯಾಯ.

ಇನ್ನೊಂದು ಕಂಡದ್ದು ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ. ಹಿತ್ತಾಳೆಯ ಗಣಪತಿಯನ್ನು ಗೋಂದು ಹಾಕಿ ಕೂರಿಸಿದ್ದರು, ಅದೂ ಪ್ರಯಾಣಿಕರ ಏರ್‌ಬ್ಯಾಗ್ ಎಂದು ಅಚ್ಚೊತ್ತಿದ ಮುಚ್ಚಳದ ಮೇಲೆಯೇ. ಏರ್‌ಬ್ಯಾಗ್ ತೆರೆಯುವಾಗ ಆ ಮುಚ್ಚಳ ಕಿತ್ತುಕೊಂಡು ಮೇಲೇಳುತ್ತದೆ. ಅದರ ಮೇಲಿರುವ ವಸ್ತು ಎದುರು ಕುಳಿತವರ ಮುಖಕ್ಕೆ ಬರುತ್ತದೆ. ಇದನ್ನು ಹೇಳಿದಾಗ ಮನೆಯವರಿಗೆ ಕಸಿವಿಸಿಯಾಯಿತು, ಏಕೆಂದರೆ ಅದು ವಾಹನಪೂಜೆಯ ದಿನ ಭಟ್ಟರ ಕೈಯಿಂದಲೇ ಕೂರಿಸಿದ ಮೂರ್ತಿ. ಮೂರ್ತಿಯನ್ನು ಮನೆಯ ದೇವರ ಗೂಡಿಗೆ ಒಯ್ದು, ಕಾರಿನಲ್ಲಿ ತೆಳುವಾದ ಚಿತ್ರಪಟವೊಂದನ್ನು ಮೀಟರಿನ ಬದಿಗೆ ಅಂಟಿಸುವುದಕ್ಕೆ ತಾಯಿಯೇ ಒಪ್ಪಿಗೆ ಕೊಟ್ಟರು.

ಹಬೆ, ದೀಪ ಮತ್ತು ಉಳಿದವು

ಗಾಜಿಗೆ ಹಬೆ ಹಿಡಿದದ್ದನ್ನು ಚಿಕ್ಕ ವಿಷಯವೆಂದು ಬಿಡುವಂತಿಲ್ಲ. ಬಸ್ಸು ಕಂಡದ್ದು ತಡವಾಗಿ ಎಂಬುದಕ್ಕೆ ಅದೇ ಕಾರಣ. ಮಳೆಗಾಲದಲ್ಲಿ ಎಸಿ ಏಕೆ ಎಂದು ಅದನ್ನು ಆರಿಸಿ, ಹೊರಗಿನ ತೇವ ಬಾರದಿರಲಿ ಎಂದು ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ ಒತ್ತಿದ್ದರು. ನಾಲ್ವರ ಉಸಿರಿನ ತೇವವೆಲ್ಲ ಒಳಗೇ ಉಳಿದು ತಣ್ಣನೆಯ ಗಾಜಿನ ಮೇಲೆ ಕೂರುತ್ತಿತ್ತು. ಮಾಡಬೇಕಿದ್ದದ್ದು ಇದರ ವಿರುದ್ಧ: ಎಸಿ ಚಾಲೂ, ಹೊರಗಾಳಿ ಒಳಕ್ಕೆ, ಗಾಳಿಯ ದಿಕ್ಕು ಮುಂದಿನ ಗಾಜಿಗೆ, ಬೇಕಿದ್ದರೆ ಉಷ್ಣತೆ ಸ್ವಲ್ಪ ಮೇಲಕ್ಕೆ. ಎಸಿ ಗಾಳಿಯನ್ನು ತಂಪು ಮಾಡುವಾಗ ಅದರ ತೇವವನ್ನೂ ಹಿಂಡುತ್ತದೆ. ಗ್ಯಾರೇಜಿನಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗಲೇ ಇದನ್ನು ಮಾಡಿ ತೋರಿಸಿದಾಗ ಗಾಜು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತ ಹೋಯಿತು.

ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ರೂಢಿ ಘಟ್ಟದಲ್ಲಿ ಈಗ ಸಾರ್ವತ್ರಿಕವಾಗಿದೆ. ಅದು ನಿಂತ ವಾಹನದ ಸೂಚನೆ. ಓಡುವ ಕಾರಿನಲ್ಲಿ ಅದನ್ನು ಹಾಕಿದರೆ ಯಾವ ಕಡೆ ತಿರುಗುತ್ತೀರಿ ಎಂದು ಹೇಳುವ ದಾರಿಯನ್ನೇ ಮುಚ್ಚಿದಂತೆ. ಮಂಜಿನಲ್ಲಿ ಬೇಕಾದದ್ದು ತಗ್ಗಿಸಿದ ಹೆಡ್‌ಲೈಟ್. ಎತ್ತರದ ಬೆಳಕು ಮಂಜಿಗೆ ತಾಗಿ ಚಾಲಕನ ಕಣ್ಣಿಗೇ ಮರಳುತ್ತದೆ.

ತಲೆಯಾನಿಕೆಗಳು ಎಲ್ಲವೂ ತೀರ ಕೆಳಗಿದ್ದವು, ಕುತ್ತಿಗೆಗೆ ತಾಗುವಂತೆ. ಅವುಗಳ ಮೇಲಂಚು ತಲೆಯ ಮೇಲ್ಭಾಗದ ಮಟ್ಟಕ್ಕೆ ಬರುವಂತೆ ಏರಿಸಿದೆವು. ಯಜಮಾನರು ಸ್ಟೀರಿಂಗಿಗೆ ತೀರ ಹತ್ತಿರ ಕೂರುತ್ತಿದ್ದರು. ಸ್ಟೀರಿಂಗಿನ ನಡುವಿನಿಂದ ಎದೆಗೆ ಕನಿಷ್ಠ 25 ಸೆಂಟಿಮೀಟರ್ ಅಂತರ ಬರುವಂತೆ, ಆದರೂ ಬ್ರೇಕನ್ನು ಕೊನೆಯವರೆಗೆ ಒತ್ತಿದಾಗ ಮೊಣಕಾಲು ತುಸು ಮಡಿಚಿರುವಂತೆ ಸೀಟನ್ನು ಸರಿಸಿದೆವು. ಈ ಎಎಂಟಿಯಲ್ಲಿ ನಿಲುಗಡೆಗೆಂದೇ ‘ಪಿ’ ಸ್ಥಾನವಿಲ್ಲವಾದ್ದರಿಂದ, ತೋಟಕ್ಕಿಳಿಯುವ ಅವರ ಮನೆಯ ಕಡಿದಾದ ದಾರಿಯಲ್ಲಿ ಕಾರನ್ನು ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದೇ ಎಂಜಿನ್ ಆರಿಸಬೇಕು ಎಂಬುದನ್ನೂ ತಿಳಿಸಿದೆ. ಅದನ್ನು ಅವರು ತಾವಾಗಿಯೇ ಕಂಡುಕೊಂಡಿದ್ದರು.

ಕಲಿಕೆ

ರಿಪೇರಿ ಮುಗಿದ ಮೇಲೆ ಮಳೆಯಲ್ಲಿ ನೆನೆದ ಖಾಲಿ ಮೈದಾನವೊಂದಕ್ಕೆ ಕಾರನ್ನು ಒಯ್ದೆವು. ಹುಲ್ಲು ಮತ್ತು ಮಣ್ಣು ಬೆರೆತ ನೆಲ, ಸುತ್ತ ಯಾರೂ ಇರಲಿಲ್ಲ. ಗಂಟೆಗೆ 30 ಕಿಲೋಮೀಟರಿನಲ್ಲಿ ಮೊದಲು ನಾನು ಬ್ರೇಕ್ ಒತ್ತಿ ಹಿಡಿದು ತೋರಿಸಿದೆ, ಆಮೇಲೆ ಯಜಮಾನರು. ಪೆಡಲು ನಡುಗಿದೊಡನೆ ಅವರ ಕಾಲು ತಾನಾಗಿ ಮೇಲೆದ್ದಿತು. ಬುದ್ಧಿಗೆ ವಿಷಯ ತಿಳಿದಿದ್ದರೂ ಕಾಲಿಗೆ ತಿಳಿದಿರಲಿಲ್ಲ. ಹಲವು ಸಲದ ಅಭ್ಯಾಸದ ನಂತರ, ಪೆಡಲು ಒದೆಯುತ್ತಿರುವಾಗಲೇ ಕಾಲನ್ನು ಹಾಗೆಯೇ ಇರಿಸಿ, ಎದುರಿಗಿಟ್ಟ ಖಾಲಿ ಡಬ್ಬವನ್ನು ಬಳಸಿ ಕಾರನ್ನು ಬದಿಗೆ ತಿರುಗಿಸಲು ಅವರಿಗೆ ಸಾಧ್ಯವಾಯಿತು. “ಇದ್ನ ಕಾರು ಕೊಡೋ ದಿನನೇ ತೋರ್ಸಿದ್ರೆ ಆಗ್ತಿತ್ತು” ಎಂದು ಅವರು ಹೇಳಿದ್ದು ನ್ಯಾಯವಾದ ಮಾತು.

ಕಾರು ಕೊಟ್ಟ ದಿನ ಶೋರೂಮಿನಲ್ಲಿ ನಡೆದದ್ದನ್ನು ಮನೆಯವರು ವಿವರವಾಗಿ ನೆನಪಿಟ್ಟುಕೊಂಡಿದ್ದಾರೆ. ಮೊಬೈಲನ್ನು ಹಾಡಿನ ಪರದೆಗೆ ಜೋಡಿಸುವುದು, ಹಿಂದಿನ ಕ್ಯಾಮೆರಾ, ಕೀಲಿಯ ಗುಂಡಿಗಳು, ಮೊದಲ ಸರ್ವಿಸಿನ ದಿನಾಂಕ, ರಿಬ್ಬನ್ನು, ಫೋಟೊ. ಎಬಿಎಸ್ ಇದೆ ಎಂದು ಹೇಳಿದ್ದರು, ಅದು ಕಾಲಿಗೆ ಹೇಗೆ ತಿಳಿಯುತ್ತದೆ ಎಂದು ಹೇಳಿರಲಿಲ್ಲ. ಕೈಪಿಡಿ ಇಂಗ್ಲಿಷಿನಲ್ಲಿತ್ತು, ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೇ ಉಳಿದಿತ್ತು. ಲೈಸೆನ್ಸ್ ಪಡೆದು ದಶಕಗಳಾದ ಚಾಲಕನಿಗೆ ಹೊಸ ತಂತ್ರಜ್ಞಾನವನ್ನು ಪರಿಚಯಿಸುವ ಏಕೈಕ ಸಂದರ್ಭ ಕಾರು ಹಸ್ತಾಂತರದ ಆ ಅರ್ಧ ಗಂಟೆಯೇ ಆಗಿರುವಾಗ, ಅದನ್ನು ಹೀಗೆ ಕಳೆಯುವುದನ್ನು ನಾನು ಲೋಪವೆಂದೇ ಭಾವಿಸುತ್ತೇನೆ, ಕಾರಿನ ಲೋಪಕ್ಕಿಂತ ದೊಡ್ಡ ಲೋಪವೆಂದು.

ಹಿಂದಿನ ಸೀಟಿನ ಕವರನ್ನು ಬಕಲ್‌ಗಳು ಹೊರಬರುವಂತೆ ಕತ್ತರಿಸಿ ಅಂಚು ಹೊಲಿಸಿದರು. ತಾಯಿಗೆ ಬೆಲ್ಟ್ ಹೊಟ್ಟೆಯ ಮೇಲೆ ಬಂದು ಉಸಿರು ಕಟ್ಟುತ್ತದೆ ಎಂಬ ತಕರಾರಿತ್ತು. ಪಟ್ಟಿಯನ್ನು ಹೊಟ್ಟೆಯಿಂದ ಕೆಳಗೆ, ಸೊಂಟದ ಮೂಳೆಯ ಮೇಲೆ ಕೂರಿಸಿ, ಹೆಗಲ ಪಟ್ಟಿಯನ್ನು ಸೆರಗಿನ ಕೆಳಗೆ ಹಾಯಿಸಿದ ಮೇಲೆ ತಕರಾರು ಕಡಿಮೆಯಾಯಿತು. ಹುಡುಗನ ಎತ್ತರಕ್ಕೆ ಹೆಗಲ ಪಟ್ಟಿ ಕುತ್ತಿಗೆಗೆ ತಾಗುತ್ತಿತ್ತು. ಅವನಿಗೆ ಸೀಟಿನ ಮೇಲಿಡುವ ಎತ್ತರಿಸಿದ ಮಕ್ಕಳ ಆಸನ ಬೇಕು. ಶಿರಸಿ ಪೇಟೆಯಲ್ಲಿ ವಿಚಾರಿಸಿದ ಅಂಗಡಿಗಳಲ್ಲಿ ಸಿಗದೆ ಹೊರಗಿನಿಂದ ತರಿಸಿಕೊಂಡರು.

ದೂರಿನ ಕರಡನ್ನು ಯಜಮಾನರು ಹರಿಯಲಿಲ್ಲ, ತಿದ್ದಿ ಬರೆದರು. ಬ್ರೇಕು ಮತ್ತು ಏರ್‌ಬ್ಯಾಗಿನ ಮಾತುಗಳನ್ನು ತೆಗೆದು, ಎರಡು ಬೇರೆ ಸಂಗತಿಗಳನ್ನು ಇಟ್ಟರು: ಹಿಂದಿನ ಬೆಲ್ಟಿನ ಬಕಲ್‌ಗಳನ್ನು ಮುಚ್ಚುವ ಸೀಟ್ ಕವರನ್ನು ಶೋರೂಮಿನವರೇ ಮಾರಿ ಹಾಕಿಕೊಟ್ಟಿದ್ದಾರೆ, ಮತ್ತು ಕಾರು ಕೊಡುವಾಗ ಗಟ್ಟಿಯಾಗಿ ಬ್ರೇಕ್ ಒತ್ತಿ ತೋರಿಸುವ ಏರ್ಪಾಡು ಇರಬೇಕು, ಕನ್ನಡದ ಕೈಪಿಡಿಯನ್ನೂ ಕೊಡಬೇಕು. ಕೆಲವು ವಾರಗಳ ನಂತರ ಉತ್ತರ ಬಂದಿತು. ಸೀಟ್ ಕವರನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ಅದರಲ್ಲಿ ತಿಳಿಸಿದ್ದರು. ಎರಡನೆಯ ಕೋರಿಕೆಯ ಬಗ್ಗೆ ಏನೂ ಇಲ್ಲದ್ದರಿಂದ, ಯಜಮಾನರು ಅದೊಂದನ್ನೇ ಪ್ರತ್ಯೇಕವಾಗಿ ಬರೆದು ಮತ್ತೆ ಕಳುಹಿಸಿದ್ದಾರೆ.